ಅದಿರಿನ ನಾಡಿನಲ್ಲಿ ಏರಿದ ಫೆರಿಟಿನ್

'ಮೈಯಲ್ಲಿ ಕಬ್ಬಿಣ ಜಾಸ್ತಿ ಆಗಿದೆ' ಎಂದು ಡಾಕ್ಟರು ರಕ್ತದ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ವರದಿ ನೋಡಿ ಹೇಳಿದರೆ ಬಳ್ಳಾರಿ, ಸಂಡೂರಿನ ಕಡೆ ಮನೆಯವರಿಗೆ ಮೊದಲು ನೆನಪಾಗುವುದು ಗಣಿಯ ಕೆಂಪು ಧೂಳು. ಆ ಧೂಳು ಕೆಡಿಸುವುದು ಶ್ವಾಸಕೋಶವನ್ನು, ಅದು ಬೇರೆ ಕಾಯಿಲೆ. ಲಿವರ್, ಮೇದೋಜೀರಕ ಗ್ರಂಥಿ, ಹೃದಯದಲ್ಲಿ ಕಬ್ಬಿಣ ತುಂಬಿಕೊಳ್ಳುವ ಹಿಮೊಕ್ರೊಮಟೋಸಿಸ್ ವಂಶವಾಹಿಯಿಂದ ಬರುತ್ತದೆ. ಅದಕ್ಕೆ ದಿನದ ಊಟದಲ್ಲಿರುವ ಕಬ್ಬಿಣವೇ ಸಾಕು.

1865ರಲ್ಲಿ ಫ್ರಾನ್ಸಿನ ವೈದ್ಯ ಟ್ರೂಸೋ ಸಕ್ಕರೆ ಕಾಯಿಲೆ, ಗಟ್ಟಿಯಾದ ಲಿವರ್, ಕಂಚಿನ ಬಣ್ಣಕ್ಕೆ ತಿರುಗಿದ ಚರ್ಮ ಈ ಮೂರೂ ಒಬ್ಬನಲ್ಲೇ ಇದ್ದುದನ್ನು ದಾಖಲಿಸಿದರು. 1889ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಅದಕ್ಕೆ ಈಗಿನ ಹೆಸರಿಟ್ಟರು. ಕುಡಿತದ ಫಲ ಎಂಬ ಮಾತೂ ಇತ್ತು. 1935ರಲ್ಲಿ ಇಂಗ್ಲೆಂಡಿನ ಶೆಲ್ಡನ್ 311 ಪ್ರಕರಣಗಳನ್ನು ಜೋಡಿಸಿ, ಇದು ಹುಟ್ಟಿನಿಂದ ಬರುವ ದೋಷ ಎಂದು ವಾದಿಸಿದರು. 1976ರಲ್ಲಿ ಫ್ರಾನ್ಸಿನ ಮಾರ್ಸೆಲ್ ಸಿಮೊನ್ ತಂಡ ಜಾಡು ಹಿಡಿದು 6ನೇ ವರ್ಣತಂತುವಿನ ತನಕ ಬಂತು. 1996ರಲ್ಲಿ ಎಚ್‌ಎಫ್‌ಇ ಜೀನ್ ಸಿಕ್ಕಿತು: 178 ರೋಗಿಗಳಲ್ಲಿ ಶೇ 83 ಮಂದಿಗೆ ಸಿ282ವೈ ಎಂಬ ಒಂದೇ ಬದಲಾವಣೆ, ಅದೂ ತಂದೆತಾಯಿ ಇಬ್ಬರಿಂದಲೂ ಬಂದದ್ದು.

ಅದು ಮಾಡುವ ಕೆಡುಕು ಅರ್ಥವಾಗಿದ್ದು 2000ದ ನಂತರ, ಲಿವರ್ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನ್ ಗೊತ್ತಾದ ಮೇಲೆ. ಕಬ್ಬಿಣ ಸಾಕಾಯಿತು ಎಂದು ಕರುಳಿನ ಬಾಗಿಲು ಹಾಕಿಸುವುದು ಈ ಹೆಪ್ಸಿಡಿನ್. ಜೀನ್ ಕೆಟ್ಟರೆ ಹೆಪ್ಸಿಡಿನ್ ಸಾಕಷ್ಟು ತಯಾರಾಗದು, ಬಾಗಿಲು ತೆರೆದೇ ಇರುತ್ತದೆ. ದಿನಕ್ಕೆ 1–2 ಮಿಲಿಗ್ರಾಂ ಬದಲು ಅದರ ಎರಡರಷ್ಟು ಒಳಬರುತ್ತದೆ, ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. 3–4 ಗ್ರಾಂ ಇರಬೇಕಾದ ಕಬ್ಬಿಣ 20 ಗ್ರಾಂ ದಾಟಲು ದಶಕಗಳು ಬೇಕು, ಆದ್ದರಿಂದ ತೊಂದರೆ ಕಾಣುವುದು ನಡುವಯಸ್ಸು ಕಳೆದ ಮೇಲೆ. ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹೆಂಗಸರಲ್ಲಿ ಇನ್ನೂ ತಡ. ತೋರುಬೆರಳು, ನಡುಬೆರಳುಗಳ ಬುಡದ ಗಿಣ್ಣು ಊದಿ ಮುಷ್ಟಿ ಬಿಗಿಯಲಾಗದಂತಾದರೆ ಅದನ್ನು ವಯಸ್ಸಿನ ಸಂಧಿವಾತ ಎಂದು ಬಿಡಬಾರದು.

ನಮ್ಮಲ್ಲಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಿ282ವೈ ಉತ್ತರ ಯೂರೋಪಿನ ಬದಲಾವಣೆ, ಭಾರತೀಯರಲ್ಲಿ ತೀರಾ ಅಪರೂಪ. ಅದೇ ಜೀನ್‌ನಲ್ಲಿ ಇಲ್ಲಿ ಹೆಚ್ಚು ಕಾಣುವ ಇನ್ನೊಂದು ಬದಲಾವಣೆ ಎಚ್63ಡಿ ಒಂದೇ ಇದ್ದರೆ ಕಾಯಿಲೆ ಮಾಡುವುದು ವಿರಳ. ಹಾಗಾಗಿ ಈ ಎರಡೇ ಪರೀಕ್ಷೆಯ ವರದಿ 'ನೆಗೆಟಿವ್' ಬಂದರೆ ವಂಶದ ದೋಷವಿಲ್ಲ ಎಂದಲ್ಲ. ಕಬ್ಬಿಣದ ಲೆಕ್ಕ ನೋಡಿಕೊಳ್ಳುವ ಹಿಮೊಜುವೆಲಿನ್, ಟಿಎಫ್‌ಆರ್2, ಫೆರೊಪೋರ್ಟಿನ್ ಎಂಬ ಬೇರೆ ಜೀನ್‌ಗಳನ್ನೂ ನೋಡಬೇಕಾಗುತ್ತದೆ. ಥಲಸ್ಸೇಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಇದೆಯೇ, ರಕ್ತ ಪದೇ ಪದೇ ಏರಿಸಿದ್ದಾರೆಯೇ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ.

ಫೆರಿಟಿನ್ ಒಂದನ್ನೇ ನಂಬಿ ಜೀನ್ ಪರೀಕ್ಷೆಗೆ ಓಡಬೇಡಿ. ಫ್ಯಾಟಿ ಲಿವರ್, ಕುಡಿತ, ಸೋಂಕು, ಸಕ್ಕರೆ ಕಾಯಿಲೆ ಎಲ್ಲವೂ ಅದನ್ನು ಏರಿಸುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಪರೀಕ್ಷೆ) ಮಾಡಿಸಿ. ಅದು ಶೇ 45 ದಾಟಿ, ಫೆರಿಟಿನ್ ಗಂಡಸರಲ್ಲಿ 300, ಹೆಂಗಸರಲ್ಲಿ 200 (ಮಿಲಿಲೀಟರಿಗೆ ನ್ಯಾನೋಗ್ರಾಂ) ಮೀರಿದ್ದರೆ ಮುಂದಿನ ತನಿಖೆ. ಫೆರಿಟಿನ್ 1000 ದಾಟಿದ್ದರೆ ಲಿವರ್ ಗಟ್ಟಿಯಾಗಿದೆಯೇ ಎಂದು ನೋಡಲೇಬೇಕು.

ಚಿಕಿತ್ಸೆ ರಕ್ತ ತೆಗೆಯುವುದು. ವಾರಕ್ಕೊಮ್ಮೆ 450 ಮಿಲಿಲೀಟರ್ ಚೀಲ ತುಂಬಿದರೆ 200–250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ಪ್ರತಿಸಲ ಮೊದಲು ಹಿಮೋಗ್ಲೋಬಿನ್ ನೋಡಬೇಕು. ಫೆರಿಟಿನ್ 50ರ ಹತ್ತಿರ ಇಳಿದ ಮೇಲೆ ವರ್ಷಕ್ಕೆ ಕೆಲವು ಬಾರಿ ಸಾಕು. ಆಯಾಸ ಕಡಿಮೆಯಾಗುತ್ತದೆ, ಗಿಣ್ಣಿನ ನೋವು ಬಹುಪಾಲು ಉಳಿಯುತ್ತದೆ. ಥಲಸ್ಸೇಮಿಯಾದಿಂದ ರಕ್ತಹೀನತೆ ಇರುವವರಿಗೆ ಇದು ನಡೆಯದು, ಅವರಿಗೆ ಕಬ್ಬಿಣ ಹೊರಹಾಕಿಸುವ ಡೆಫೆರಾಸಿರಾಕ್ಸ್‌ನಂಥ ಗುಳಿಗೆ.

ಕಾಯಿಲೆ ಖಚಿತವಾದರೆ ಒಡಹುಟ್ಟಿದವರ ಪರೀಕ್ಷೆಯೂ ಆಗಬೇಕು, ದೋಷ ತಂದೆತಾಯಿ ಇಬ್ಬರಿಂದಲೂ ಬರುವ ಬಗೆಯದಾದರೆ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಯಿಲೆ ಮನೆಯ ಅಜ್ಜನಿಗಾದರೆ ಅವರ ಐರನ್ ಟಾನಿಕ್, ವಿಟಮಿನ್ ಸಿ ಗುಳಿಗೆ, ಮದ್ಯ ನಿಲ್ಲಬೇಕು. ಆದರೆ ಅದೇ ಮನೆಯ ಬಸುರಿ ಸೊಸೆಗೆ ಆಶಾ ಕಾರ್ಯಕರ್ತೆ ಕೊಟ್ಟ 60 ಮಿಲಿಗ್ರಾಂ ಕಬ್ಬಿಣದ ಕೆಂಪು ಗುಳಿಗೆಯನ್ನು ಅಜ್ಜನ ವರದಿ ನೋಡಿ ಹೆದರಿ ಬಿಡಿಸಬೇಡಿ.