ಮೊಣಕೈಯಿಂದ ಹೃದಯಕ್ಕೆ 65 ಸೆಂಟಿಮೀಟರ್

ಹೃದಯ ನಿಲ್ಲುವ ಹಂತಕ್ಕೆ ಬಂದ ರೋಗಿಗೆ ಪಕ್ಕೆಲುಬುಗಳ ಸಂದಿಯಿಂದ ಉದ್ದನೆಯ ಸೂಜಿ ಚುಚ್ಚಿ, ಹೃದಯಕ್ಕೇ ಅಡ್ರಿನಲಿನ್ (ಬಡಿತ ಚುರುಕುಗೊಳಿಸುವ ಮದ್ದು) ಕೊಡುವುದು 1920ರ ದಶಕದ ರೂಢಿ. ಸೂಜಿ ಕೂದಲೆಳೆ ಆಚೀಚೆ ಸರಿದರೂ ಹೃದಯದ ಮೇಲಿನ ರಕ್ತನಾಳ ಹರಿದುಹೋಗುತ್ತಿತ್ತು. ಹೃದಯದ ಹೊರಚೀಲದಲ್ಲಿ ರಕ್ತ ತುಂಬಿ, ಹೃದಯ ಹಿಗ್ಗಲು ಜಾಗವೇ ಉಳಿಯುತ್ತಿರಲಿಲ್ಲ. ಕೆಲವೊಮ್ಮೆ ಶ್ವಾಸಕೋಶವೇ ತೂತಾಗುತ್ತಿತ್ತು.

ಬರ್ಲಿನ್ನಿನ ಹತ್ತಿರದ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದ ವೈದ್ಯ ವೆರ್ನರ್ ಫೋರ್ಸ್‌ಮನ್ (ಜನನ 1904) ಬೇರೆ ದಾರಿ ಯೋಚಿಸಿದ. ಫ್ರಾನ್ಸಿನ ವಿಜ್ಞಾನಿಗಳಾದ ಶೋವೋ ಮತ್ತು ಮಾರೇ 1861ರ ಹೊತ್ತಿಗೇ ಕುದುರೆಯ ಕತ್ತಿನ ರಕ್ತನಾಳದಿಂದ ಹೃದಯದೊಳಕ್ಕೆ ನಳಿಕೆ ಇಳಿಸಿ ಒತ್ತಡ ಅಳೆದಿದ್ದರು. ಕುದುರೆಗೆ ಆದದ್ದು ಮನುಷ್ಯನಿಗೆ ಏಕಾಗದು? ತೋಳಿನ ಅಭಿಧಮನಿಯೂ ಕೊನೆಗೆ ಸೇರುವುದು ಹೃದಯದ ಬಲಭಾಗವನ್ನೇ. ಆದರೆ ಮೇಲಧಿಕಾರಿ ಒಪ್ಪಲಿಲ್ಲ.

1929ರಲ್ಲಿ ಮೊದಲ ಯತ್ನ ನಡೆಯಿತು. ಸಹೋದ್ಯೋಗಿಯೊಬ್ಬ ಫೋರ್ಸ್‌ಮನ್ನನ ತೋಳಿಗೆ ದಪ್ಪ ಸೂಜಿ ಚುಚ್ಚಿ 35 ಸೆಂ.ಮೀ. ನಳಿಕೆ ತೂರಿಸಿದವನು, ಹೆದರಿ ನಿಲ್ಲಿಸಿಬಿಟ್ಟ. ಎರಡನೆಯ ಸಲಕ್ಕೆ ಕ್ರಿಮಿಶುದ್ಧ ಉಪಕರಣಗಳು ಬೇಕಿದ್ದವು; ಅವು ಇದ್ದದ್ದು ನರ್ಸ್ ಗೆರ್ಡಾ ಡಿಟ್ಸೆನ್ ಕೈಯಲ್ಲಿ. ಪ್ರಯೋಗ ತನ್ನ ಮೇಲೆಯೇ ಆಗಲಿ ಎಂದು ಆಕೆ ಮುಂದೆ ಬಂದಳು. ಆಕೆಯನ್ನು ಮೇಜಿಗೆ ಕಟ್ಟಿದ ಫೋರ್ಸ್‌ಮನ್, ಪಕ್ಕಕ್ಕೆ ಸರಿದು ತನ್ನದೇ ಎಡ ಮೊಣಕೈ ಮಡಿಕೆಗೆ ಮರಗಟ್ಟುವ ಮದ್ದು ಚುಚ್ಚಿಕೊಂಡು ರಕ್ತನಾಳ ಬಿಡಿಸಿಕೊಂಡ. ಒಳಕ್ಕೆ ಬಿಟ್ಟದ್ದು ಮೂತ್ರನಾಳಕ್ಕೆ ಬಳಸುವ, ಎಣ್ಣೆ ಸವರಿದ ಕ್ಯಾಥೆಟರ್. ನಯ, ತೆಳು, ಬಾಗುವಂಥದ್ದು. ಬೇಕಾದಷ್ಟು ಉದ್ದವೂ ಇತ್ತು.

ನಳಿಕೆ ತೋಳಲ್ಲಿದ್ದಂತೆಯೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದ. ಎದುರಿಗೆ ಹಿಡಿದ ಕನ್ನಡಿಯಲ್ಲಿ ಪರದೆ ನೋಡುತ್ತಾ ದಾರಿ ಸರಿಪಡಿಸಿಕೊಂಡ. ರಕ್ತನಾಳದೊಳಗೆ ಬೆಚ್ಚಗಾದ ಅನುಭವ, ಒಂದಿಷ್ಟು ಕೆಮ್ಮು, ಅಷ್ಟೇ. ತುದಿ ಬಲ ಹೃತ್ಕರ್ಣ ಮುಟ್ಟಿದಾಗ ಒಳಗಿದ್ದದ್ದು 65 ಸೆಂ.ಮೀ.

ಅಪಾಯವೇನೂ ಸಣ್ಣದಲ್ಲ. ತುದಿ ಹೃದಯದ ಗೋಡೆಗೆ ತಾಗಿದರೆ ಬಡಿತದ ಲಯ ತಪ್ಪುತ್ತದೆ. ಗಾಳಿಗುಳ್ಳೆ ಹೊಕ್ಕರೆ ಶ್ವಾಸಕೋಶದತ್ತ ಹೋಗುವ ರಕ್ತಕ್ಕೇ ತಡೆಯಾಗುತ್ತದೆ. ಎದೆಯತ್ತ ತಿರುಗಬೇಕಾದ ನಳಿಕೆ ಕತ್ತಿನತ್ತ ಏರಿಬಿಡುವುದೂ ಉಂಟು. ಅದಕ್ಕೇ ಎಕ್ಸ್-ರೇ ಪರದೆ ಅಷ್ಟು ಮುಖ್ಯ.

ವರದಿ ಅದೇ ವರ್ಷ ಅಚ್ಚಾಯಿತು. ಅದರ ಬೆನ್ನಿಗೆ, ಅಷ್ಟರಲ್ಲಿ ಸೇರಿದ್ದ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕೆಲಸ ಹೋಯಿತು. ಮುಂದೆ ಆತ ಮೂತ್ರರೋಗಗಳ ಚಿಕಿತ್ಸೆಗೆ ಹೊರಳಿದ. 1932ರಲ್ಲಿ ನಾಜಿ ಪಕ್ಷ ಸೇರಿದ್ದನ್ನೂ ಹೇಳದೆ ಬಿಡುವಂತಿಲ್ಲ. ಧೈರ್ಯದ ಕತೆ ಆ ಕಲೆಯನ್ನು ಅಳಿಸುವುದಿಲ್ಲ.

ಆತ ಹುಡುಕಿದ್ದು ಔಷಧ ಕೊಡುವ ದಾರಿ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರಾದ ಕೂರ್ನಾನ್ ಮತ್ತು ರಿಚರ್ಡ್ಸ್ 1940ರ ದಶಕದಲ್ಲಿ ಅದನ್ನೇ ಅಳೆಯುವ ದಾರಿಯಾಗಿಸಿದರು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ದೂಡುತ್ತದೆಂದು ಲೆಕ್ಕ ಹಾಕುವ ಸೂತ್ರವನ್ನು ಜರ್ಮನಿಯ ವಿಜ್ಞಾನಿ ಫಿಕ್ 1870ರಲ್ಲೇ ಕೊಟ್ಟಿದ್ದ. ದೇಹ ನಿಮಿಷಕ್ಕೆ 250 ಮಿ.ಲೀ. ಆಮ್ಲಜನಕ ಬಳಸುತ್ತದೆ ಎನ್ನಿ. ಒಂದು ಲೀಟರ್ ರಕ್ತದಲ್ಲಿರುವ ಆಮ್ಲಜನಕ ಅಪಧಮನಿಯಲ್ಲಿ 200 ಮಿ.ಲೀ., ಹೃದಯಕ್ಕೆ ಮರಳುವಾಗ 150 ಮಿ.ಲೀ. ಇದ್ದರೆ ವ್ಯತ್ಯಾಸ 50. 250ನ್ನು 50ರಿಂದ ಭಾಗಿಸಿದರೆ 5 ಲೀಟರ್. ತೊಡಕಿದ್ದದ್ದು ಆ 150ರಲ್ಲಿ. ತೋಳಿನ ರಕ್ತ ತೋಳಿನ ಲೆಕ್ಕವನ್ನಷ್ಟೇ ಹೇಳುತ್ತದೆ. ಇಡೀ ದೇಹದ ರಕ್ತ ಬೆರೆಯುವುದು ಹೃದಯದ ಬಲಭಾಗದಲ್ಲಿ. ಅಲ್ಲಿಂದ ಮಾದರಿ ತೆಗೆಯಲು ಕ್ಯಾಥೆಟರೇ ಬೇಕು.

1956ರ ನೊಬೆಲ್ ಮೂವರಿಗೂ ಬಂತು. ಫೋರ್ಸ್‌ಮನ್ ಆಗ ಬಾಡ್ ಕ್ರೋಯ್ಟ್ಸ್‌ನಾಖ್ ಎಂಬ ಊರಿನಲ್ಲಿ ಮೂತ್ರರೋಗಗಳ ವೈದ್ಯ.