ಬೀಡು ಕಬ್ಬಿಣ ತಣಿಯುವಾಗ ಸೀಳುವುದೇಕೆ?

ಒಡೆದ ಪಂಪಿನ ಕವಚಕ್ಕೋ ಎಂಜಿನ್ ಬ್ಲಾಕಿಗೋ ವೆಲ್ಡಿಂಗ್ ಮಾಡಿ ಮುಗಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ 'ಟಿಣ್' ಎಂದು ಸದ್ದು. ನೋಡಿದರೆ ಬೆಸುಗೆಯ ಅಂಚಿಗೆ ಅಂಟಿಕೊಂಡೇ ಕೂದಲೆಳೆಯಷ್ಟು ಸಣ್ಣ ಬಿರುಕು. ಬೀಡು, ಅಂದರೆ ಎರಕದ ಕಬ್ಬಿಣ, ಕೈಕೊಡುವುದು ಕಾಯುವಾಗಲ್ಲ, ಹೆಚ್ಚಾಗಿ ತಣಿಯುವಾಗ.

ಇದರ ಮೂಲ ಇಂಗಾಲ. ಮೈಲ್ಡ್ ಸ್ಟೀಲಿನಲ್ಲಿ ಅದು ಸಾಮಾನ್ಯವಾಗಿ ಶೇ. 0.3ನ್ನೂ ದಾಟುವುದಿಲ್ಲ, ಬೀಡಿನಲ್ಲಿ ಶೇ. 2ರಿಂದ 4ರಷ್ಟಿರುತ್ತದೆ. ಬೂದು ಬೀಡಿನೊಳಗೆ ಅದರ ಬಹುಪಾಲು ಗ್ರಾಫೈಟಿನ ಚಕ್ಕೆಗಳಾಗಿ ಹರಡಿಕೊಂಡಿದೆ. ಒತ್ತಿದರೆ ಈ ಲೋಹ ಜಗ್ಗದು. ಎಳೆದರೆ ಮಾತ್ರ ಒಂದೊಂದು ಚಕ್ಕೆಯ ಚೂಪು ತುದಿಯೂ ಬಿರುಕಿಗೆ ದಾರಿ ಮಾಡಿಕೊಡುತ್ತದೆ, ಶೇ. 1ರಷ್ಟೂ ಹಿಗ್ಗದೆ ಮುರಿಯುತ್ತದೆ.

ಬೆಸುಗೆ ಮಾಡುವುದು ಎಳೆಯುವ ಕೆಲಸವನ್ನೇ. ಕರಗಿದ ಲೋಹ ಗಟ್ಟಿಯಾಗುತ್ತ ಕುಗ್ಗಿ, ಅಕ್ಕಪಕ್ಕವನ್ನು ತನ್ನತ್ತ ಜಗ್ಗುತ್ತದೆ. ಸಾಲದ್ದಕ್ಕೆ, ಕರಗಿದ ಅಂಚಿನ ಇಂಗಾಲ ಮತ್ತೆ ಗ್ರಾಫೈಟ್ ಆಗಲು ಸಮಯ ಬೇಕು. ಸುತ್ತಲಿನ ತಣ್ಣನೆಯ ಲೋಹ ಶಾಖವನ್ನೆಲ್ಲ ಹೀರಿಬಿಟ್ಟರೆ ಅದು ಕಬ್ಬಿಣದ ಕಾರ್ಬೈಡ್ ಆಗಿ ಉಳಿಯುತ್ತದೆ. ಅದರ ಪಕ್ಕದಲ್ಲಿ ಮಾರ್ಟೆನ್‌ಸೈಟ್, ಅಂದರೆ ಬಿಸಿ ಕಬ್ಬಿಣ ತಟ್ಟನೆ ತಣಿದಾಗ ತಾಳುವ ಗಡುಸು ರೂಪ, ಹುಟ್ಟುತ್ತದೆ. ಎರಡೂ ಗಾಜಿನಂತೆ ಗಡುಸು, ಅಷ್ಟೇ ಪೆಡಸು. ಡ್ರಿಲ್ ಬಿಟ್ ಹಾಕಿದರೆ ಅಲ್ಲಿ ಕಚ್ಚದೆ ಜಾರುತ್ತದೆ.

ಹಾಗಾಗಿ ಎರಡೇ ನೆಟ್ಟಗಿನ ದಾರಿ. ಇಡೀ ಭಾಗವನ್ನು 500ರಿಂದ 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಿಸಿಯಲ್ಲೇ ಬೆಸೆದು, ಒಣ ಮರಳಿನಲ್ಲೋ ಬೂದಿಯಲ್ಲೋ ಹುಗಿದು ನಿಧಾನವಾಗಿ ತಣಿಸುವುದು ಒಂದು. ಎಲ್ಲವೂ ಒಟ್ಟಿಗೆ ಕುಗ್ಗಿದರೆ ಎಳೆದಾಟವೇ ಕಡಿಮೆ. ಇನ್ನೊಂದು, ಬಿಸಿ ಒಳಗಿಳಿಯಲು ಬಿಡದಿರುವುದು. ಸುಮಾರು 25 ಮಿ.ಮೀ. ಉದ್ದದ ಬೆಸುಗೆ ಹಾಕಿ, ಕೆಂಪಾರುವ ಮುನ್ನ ಗುಂಡುತಲೆಯ ಸುತ್ತಿಗೆಯಿಂದ ಅದರ ಮೇಲೆ ಹಗುರವಾಗಿ ಬಡಿಯಬೇಕು. ಬಡಿತಕ್ಕೆ ಬೆಸುಗೆ ಹರಡಿ, ಕುಗ್ಗುವಿಕೆಯ ಎಳೆತ ಸಡಿಲಾಗುತ್ತದೆ. ಪಕ್ಕದ ಲೋಹವನ್ನು ಬರಿಗೈಲಿ ಮುಟ್ಟುವಂತಾದ ಮೇಲೆ, ಇನ್ನೊಂದು ತುದಿಯಲ್ಲಿ ಮುಂದಿನ ತುಂಡು. ಬೇಸರದ ಕೆಲಸ, ನಿಜ. ಆದರೆ ಗ್ಯಾಸ್ ಟಾರ್ಚಿನಿಂದ ಒಂದು ಮೂಲೆಯನ್ನಷ್ಟೇ ಕಾಯಿಸುವ ಅರೆಬರೆ ಉಪಾಯ ಎರಡಕ್ಕಿಂತಲೂ ಕೆಟ್ಟದ್ದು: ಅರಗಳಿರುವ ಚಕ್ರದಲ್ಲಿ ಒಂದು ಅರ ಹಿಗ್ಗಿದರೆ ಬಿರುಕು ಬೇರೆಲ್ಲೋ ಬಿಡಬಹುದು.

ಬೆಸುಗೆಗೆ ಕರಗಿಸಿ ತುಂಬುವ ನಿಕ್ಕಲ್ ರಾಡನ್ನು ಕೆಲವರು ಮಂತ್ರದಂಡವೆಂದೇ ನಂಬುತ್ತಾರೆ. ಅದರ ಗುಣ ದೊಡ್ಡದೇ. ನಿಕ್ಕಲ್ ಇಂಗಾಲವನ್ನು ಕಾರ್ಬೈಡ್ ಆಗಲು ಬಿಡದೆ ಗ್ರಾಫೈಟ್ ಆಗಿಯೇ ಹೊರಹಾಕುತ್ತದೆ. ಗ್ರಾಫೈಟ್ ಹೆಚ್ಚು ಜಾಗ ಹಿಡಿಯುವುದರಿಂದ ಕುಗ್ಗುವಿಕೆಯೂ ಕೊಂಚ ತಗ್ಗುತ್ತದೆ. ಬೆಸುಗೆ ಮೆದುವಾಗಿ, ಲೇತಿಗೆ ಬಗ್ಗುತ್ತದೆ. ಆದರೆ ಪಕ್ಕದ ಮೂಲ ಬೀಡು ಗಡುಸಾಗುವುದನ್ನು ಅದು ತಡೆಯಲಾರದು. ದಪ್ಪ ಭಾಗಗಳಿಗೆ ಸುಮಾರು ಶೇ. 55 ನಿಕ್ಕಲ್, ಉಳಿದದ್ದು ಹೆಚ್ಚಾಗಿ ಕಬ್ಬಿಣವಿರುವ ರಾಡ್ ಹೆಚ್ಚು ಬಲ ಕೊಡುತ್ತದೆ.

ಬೆಸೆಯುವ ಮೊದಲು ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಹಳೆಯ ಎಂಜಿನ್ ಭಾಗವಾದರೆ ಎಣ್ಣೆ ಒಳಗೆ ಇಂಗಿರುತ್ತದೆ. ಹೊಗೆ ನಿಲ್ಲುವವರೆಗೆ ಕಾಯಿಸಿ ಒರೆಸದಿದ್ದರೆ ಬೆಸುಗೆ ತುಂಬ ಗುಳ್ಳೆ. ವರ್ಷಗಟ್ಟಲೆ ಬೆಂಕಿಯಲ್ಲೇ ಬೆಂದ ಕುಲುಮೆಯ ಜಾಲರಿಗಂತೂ ಯಾವ ರಾಡೂ ಸರಿಯಾಗಿ ಕಚ್ಚುವುದಿಲ್ಲ. ಒಳಗಿನ ಗ್ರಾಫೈಟಿನ ಗುಂಟ ತುಕ್ಕು ಇಳಿದುಬಿಟ್ಟಿರುತ್ತದೆ. ಅಂಥದ್ದಕ್ಕೆ ಹೊಸದಾಗಿ ಎರಕ ಹೊಯ್ಯಿಸುವುದೇ ಲೇಸು.