‘ಆಕ್ರಮಣಕಾರಿ ಮೀನು’ ಕಚ್ಚುವ ಮೀನಲ್ಲ

ಕೆರೆಯಲ್ಲಿ ಮೀಸೆಯ ದೊಡ್ಡ ಕ್ಯಾಟ್‌ಫಿಶ್ ಸಿಕ್ಕಿದರೆ ಸಾಕು, ಬಾಯಿ ಅಗಲಿಸಿ ಹಿಡಿದ ಫೋಟೊದ ಕೆಳಗೆ ‘ಆಕ್ರಮಣಕಾರಿ ಮೀನು, ಮಕ್ಕಳನ್ನು ನೀರಿಗಿಳಿಸಬೇಡಿ’ ಎಂಬ ಸಾಲು ಬಂದೇ ಬರುತ್ತದೆ. ಅದೇ ಕೆರೆಯಿಂದ ಬುಟ್ಟಿಗಟ್ಟಲೆ ಬರುವ ಜಿಲೇಬಿ ಮೀನನ್ನು (ತಿಲಾಪಿಯಾ) ಯಾರೂ ಹಾಗೆ ಕರೆಯುವುದಿಲ್ಲ. ಪಾಚಿ ತಿಂದುಕೊಂಡಿರುವ ಸಾಧು ಮೀನಂತೆ ಅದು.

ಈ ‘ಆಕ್ರಮಣಕಾರಿ’ ಇಂಗ್ಲಿಷಿನ ‘ಇನ್ವೇಸಿವ್’ಗೆ ಕನ್ನಡ. ‘ಆಕ್ರಮಣ’ದೊಳಗಿನ ಧಾತು ‘ಕ್ರಮ್’, ಅಂದರೆ ಹೆಜ್ಜೆ ಇಡು. ಮೂರು ಹೆಜ್ಜೆಯಲ್ಲಿ ಲೋಕ ಅಳೆದವನು ತ್ರಿವಿಕ್ರಮ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡುವುದು ಸಂಕ್ರಮಣ. ಇನ್ನೊಬ್ಬರ ನೆಲಕ್ಕೆ ಕಾಲಿಟ್ಟು ಅಲ್ಲೇ ಊರಿಬಿಡುವುದು ಆಕ್ರಮಣ. ಹಲ್ಲು, ಸಿಟ್ಟು ಇದರಲ್ಲಿ ಎಲ್ಲೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತೇ ಇದೆ: ಒತ್ತುವರಿ. ಕೆರೆಯಂಗಳ ಒತ್ತುವವನು ಯಾರನ್ನೂ ಕಚ್ಚುವುದಿಲ್ಲ, ವರ್ಷಕ್ಕಿಷ್ಟು ಬದು ಮುಂದೆ ಹಾಕುತ್ತಾನೆ. ‘ಒತ್ತುವರಿ ಮೀನು’ ಎಂದೇ ಬರೆದರೆ ಅರ್ಧ ಗೊಂದಲ ತೀರುತ್ತದೆ.

‘ವಿದೇಶಿ’ ಎಂಬುದನ್ನೂ ಇದಕ್ಕೇ ಗಂಟು ಹಾಕುತ್ತಾರೆ. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್), ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) 1959ರಲ್ಲಿ ಹೊರಗಿನಿಂದ ಬಂದವು, ನಿಜ. ಆದರೆ ನಮ್ಮ ಕೆರೆಗಳ ನಿಂತ ನೀರಿನಲ್ಲಿ ಅವು ಮರಿ ಮಾಡವು. ಹ್ಯಾಚರಿಯಲ್ಲಿ ಹಾರ್ಮೋನ್ ಚುಚ್ಚಬೇಕು. ಬಿತ್ತನೆ ನಿಂತರೆ ಮೀನೂ ಮುಗಿಯಿತು. ಯಾರೂ ಬಿಡದೆ ತಾನೇ ಹೆಚ್ಚಿ, ಹರಡಿ, ಮೊದಲಿದ್ದವನ್ನು ಹೊರದಬ್ಬಿದರೆ ಮಾತ್ರ ‘ಆಕ್ರಮಣಕಾರಿ’ ಎಂಬ ಹೆಸರು.

ಜಿಲೇಬಿ ಮಾಡುವುದು ಅದನ್ನೇ. 1952ರಲ್ಲಿ ದೇಶಕ್ಕೆ ಬಂದ ಮೊಜಾಂಬಿಕ್ ಜಿಲೇಬಿ ಎರಡು ಮೂರು ತಿಂಗಳಿಗೇ ಮರಿ ಮಾಡಬಲ್ಲದು. ನೀರು ಇಳಿದಾಗ ಅಂಚಿನ ಕೆಸರಿನಲ್ಲಿ ತಟ್ಟೆ ಒತ್ತಿದಂತೆ ಕಾಣುವ ಗುಂಡು ಗುಳಿಗಳು ಗಂಡು ತೋಡಿದ ಗೂಡುಗಳು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಕಾಯುತ್ತದೆ; ಬಲೆಗೆ ಬಿದ್ದಾಗ ಹಳದಿ ಮೊಟ್ಟೆ ಉಗುಳುವುದುಂಟು. ಇನ್ನೊಂದು ಜಾತಿಯ, ಬಾಲದಲ್ಲಿ ಪಟ್ಟೆಯಿರುವ ನೈಲ್ ಜಿಲೇಬಿಯ ಜತೆ ಕೂಡಿ ಹುಟ್ಟಿದ ಬೆರಕೆ ಮರಿ ಹೇಸರಗತ್ತೆಯಂತೆ ಬಂಜೆಯಾಗುವುದಿಲ್ಲ, ಮತ್ತೆ ಮರಿ ಮಾಡುತ್ತದೆ. ಹಾಗಾಗಿ ಬಾಲದ ಪಟ್ಟೆ ನೋಡಿ ‘ಇದು ನೈಲ್’ ಎನ್ನುವುದನ್ನು ನೆಚ್ಚುವಂತಿಲ್ಲ.

‘ಬರೀ ಗಂಡುಮರಿ ಸಾರ್, ಹರಡಲ್ಲ’ ಎಂಬ ಮರಿ ಮಾರುವವರ ಭರವಸೆಯೂ ಅಷ್ಟೇ. ಎಳೆ ಮರಿಗಳಿಗೆ ಸುಮಾರು ಮೂರು ವಾರ ಹಾರ್ಮೋನ್ ಬೆರೆಸಿದ ಮೇವು ಕೊಟ್ಟು ಗಂಡಾಗಿಸುತ್ತಾರೆ. ಶುರು ಮಾಡುವುದು ತಡವಾದರೆ, ಎಲ್ಲ ಮರಿಗೂ ಮೇವು ಸಿಗದಿದ್ದರೆ, ಕೆಲವು ಹೆಣ್ಣಾಗಿಯೇ ಉಳಿಯುತ್ತವೆ. ಕೆರೆ ತುಂಬಲು ಅಷ್ಟು ಸಾಕು.

ಆಮೇಲಿನ ದಾರಿ ಕೋಡಿಯದು. ಮೇಲಿನ ಕೆರೆ ಕೋಡಿ ಹರಿದರೆ ಮರಿ ಕೆಳಗಿನ ಕೆರೆಗೆ, ಅಲ್ಲಿಂದ ಪಾಲಾರ್‌ಗೋ ಪಿನಾಕಿನಿಗೋ. ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗುವುದೇ ದೊಡ್ಡ ತಡೆಯಾಗಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಮೇಲೆ ಆ ಸಾಲಿನ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿದೆ. ನೀರು ಬೇಕಿತ್ತು, ಆದರೆ ಜಿಲೇಬಿಗಿದ್ದ ಆ ತಡೆ ಹೋಯಿತು.

ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಒತ್ತುವರಿ ಮೀನೇ, ಸಾಕಣೆಗೆ ನಿಷೇಧವಿದೆ. ಅದು ಗಾಳಿ ಉಸಿರಾಡಿ ಕೆಸರಿನಲ್ಲೂ ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಗುಂಡಿ ಸೇರುತ್ತದೆ, ಸಿಕ್ಕ ಸಣ್ಣ ಮೀನನ್ನೆಲ್ಲ ತಿನ್ನುತ್ತದೆ. ಮಕ್ಕಳ ಕಾಲು ಅದರ ಊಟವಲ್ಲ.

ಕಾಟ್ಲಾ, ರೋಹು ಬಿತ್ತನೆಯ ಚೀಲ ಸುರಿಯುವ ಮುಂಚೆ ಒಂದು ಮಗ್ ಮರಿಯನ್ನು ಬಿಳಿ ಬೇಸಿನ್ನಿಗೆ ಹಾಕಿ ನೋಡಿ. ಬೆನ್ನಿನ ರೆಕ್ಕೆ ಮುಂದೆ ಮುಳ್ಳುಮುಳ್ಳಾಗಿ, ಹಿಂಭಾಗದಲ್ಲಿ ಒಂದು ಕರಿಚುಕ್ಕೆ ಇದ್ದರೆ ಅದು ಜಿಲೇಬಿ ಮರಿ. ಒಂದೇ ಒಂದು ಕಂಡರೂ ಆ ಚೀಲ ಕೆರೆಗೆ ಬೇಡ.